ನೇರಳೆ ನೀರು

ಜನವರಿ ೧೧. ಹಲ್ಲಿನ ಕ್ಲಿನಿಕ್. ಮೂರು ಗಂಟೆಗೆ ಬರಬೇಕಿದ್ದ ರೋಗಿ ಬಂದಿಲ್ಲ.

ಅಕ್ಕನಿಗೆ,

ಫೋನಿನಲ್ಲಿ ನಾವಿಬ್ಬರೂ ಮೂರನೆಯ ಮಾತಿಗೇ ಜಗಳಕ್ಕೆ ನಿಲ್ಲುತ್ತೇವೆ. ಕಾಗದವಾದರೆ ನೀನು ನಡುವೆ ಬಾಯಿ ಹಾಕಲಾರೆ, ನಾನು ಫೋನು ಕುಕ್ಕಲಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಇಲ್ಲಿನ ಪುರಸಭೆಗೆ ಗೆದ್ದು ಬಂದು ವರ್ಷವಾಗುತ್ತಾ ಬಂತು. ಗೆದ್ದಾಗ ನೀನು ಚೆನ್ನಾಯಿತು ಎನ್ನಲಿಲ್ಲ. ಬಿಡು. ಬಣ್ಣದ ಬೀದಿಯಲ್ಲಿ ಹುಟ್ಟಿ, ಬಣ್ಣದ ಬೀದಿಯ ನೀರಿನ ಮೇಲೆ ಮಾತಾಡಿಯೇ ವೋಟು ತೆಗೆದುಕೊಂಡವಳು ನಾನು. ಆದರೆ ಸುಳ್ಳು ಹೇಳಿಲ್ಲ. ನಿಮ್ಮ ಬೀದಿ ಸಂಜೆ ಬಿಟ್ಟ ನೀರು ಇಲ್ಲಿ ದೀಪ ಹಾಕುವ ಹೊತ್ತಿಗೆ ಸೇತುವೆಯ ಕೆಳಗೆ ಬರುತ್ತದೆ. ಕಪ್ಪಗೆ, ದಪ್ಪಗೆ, ಅವಸರವಿಲ್ಲದೆ. ಕ್ಲಿನಿಕ್ಕಿನ ಕಿಟಕಿಯಿಂದ ದಿನಾ ನೋಡುತ್ತೇನೆ. ಕೈಯಲ್ಲಿ ಯಾರದೋ ದವಡೆ ಇರುತ್ತದೆ.

ಹೊಳೆ ನೋಡಿಕೊಳ್ಳುವ ಮಂಡಳಿ ಹೊಸ ನಿಯಮ ತಂದಿದೆ. ಯಾವ ಬಣ್ಣದ ಮನೆ ತನ್ನ ನೀರನ್ನು ತಾನೇ ಶೋಧಿಸಿ ಹೊರಗೆ ಬಿಡುತ್ತದೋ ಅದಕ್ಕೆ ಪ್ರತ್ಯೇಕ ಪರವಾನಗಿ. ಬೀದಿಗೆ ಏನೇ ಆದರೂ ಆ ಮನೆಗೆ ಏನೂ ಆಗುವುದಿಲ್ಲ. ಒಂದು ಶೋಧಕ ತರಿಸು. ಬೀದಿ ಒಪ್ಪಲಿ ಎಂದು ಕಾಯಬೇಡ, ಬೀದಿ ಯಾವತ್ತೂ ಒಪ್ಪುವುದಿಲ್ಲ. ನಾನು ಭಾಷಣದಲ್ಲಿ ಹೇಳುವುದೂ ಅದನ್ನೇ: ಒಬ್ಬರ ಹಲ್ಲು ಇನ್ನೊಬ್ಬರು ಉಜ್ಜಲಾಗುವುದಿಲ್ಲ, ಅವರವರ ಕೊಳೆ ಅವರವರೇ ತೊಳೆದುಕೊಳ್ಳಲಿ. ಜನ ನಗುತ್ತಾರೆ, ಆದರೆ ಒಪ್ಪುತ್ತಾರೆ.

ನೀನೊಬ್ಬಳಾದರೂ ಶುರುಮಾಡು.

ನಿನ್ನ ತಂಗಿ


ಜನವರಿ ೨೪. ಬಣ್ಣದ ಮನೆ. ತೊಟ್ಟಿ ತೊಳೆದು ಆರಲು ಬಿಟ್ಟಿದ್ದೇನೆ.

ತಂಗಿಗೆ,

ಕಾಗದ ಬಂತು. ಎರಡು ಸಲ ಓದಿದೆ. ಎರಡನೆಯ ಸಲವೂ ಉತ್ತರ ಅದೇ: ಆಗುವುದಿಲ್ಲ.

ನಮ್ಮ ಬಾಗಿಲ ಗಂಟೆಯ ವಿಷಯ ನಿನಗೆ ಗೊತ್ತು ಎಂದುಕೊಂಡಿದ್ದೀ. ಗೊತ್ತಿಲ್ಲ. ಅದು ಶುರುವಾದಾಗ ನೀನು ಅಟ್ಟದಲ್ಲಿ ಕೂತು ಪರೀಕ್ಷೆಗೆ ಓದುತ್ತಿದ್ದೆ, ಸದ್ದು ಮಾಡಬೇಡಿ ಎಂದು ಮೇಲಿಂದ ಕೂಗುತ್ತಿದ್ದೆ. ಮೊದಲೆಲ್ಲ ಬೀದಿಯಲ್ಲಿ ಯಾರಿಗೆ ಯಾವಾಗ ತೋಚಿತೋ ಆಗ ತೊಟ್ಟಿ ಖಾಲಿ ಮಾಡುತ್ತಿದ್ದರು. ಒಂದು ದಿನ ಕೆಂಪು ಹಾಕುವ ಅಜ್ಜ ಒಬ್ಬನೇ ತನ್ನ ತೊಟ್ಟಿ ತೆರೆದ. ಚರಂಡಿಯ ಬಾಯಲ್ಲಿ ಮಂಡಳಿಯವರು ನಿಂತಿದ್ದರು. ಕೆಂಪು ನೀರು, ಕೆಂಪಜ್ಜ. ಬೇರೆ ಸಾಕ್ಷಿ ಬೇಕೇ? ಎಲ್ಲರೂ ಮಾಡುತ್ತಿದ್ದ ತಪ್ಪಿಗೆ ಅವನೊಬ್ಬನ ಬಾಗಿಲಿಗೆ ಬೀಗ ಬಿತ್ತು. ಆಮೇಲೆ ಸಾಯುವವರೆಗೂ ಅವನು ಯಾರದೋ ಅಂಗಡಿಯಲ್ಲಿ ಯಾರೋ ಬಣ್ಣ ಹಾಕಿದ ಬಟ್ಟೆ ಮಡಚಿದ.

ಆ ವಾರ ಅಪ್ಪ ನಮ್ಮ ಬಾಗಿಲಿಗೆ ಆ ಕಬ್ಬಿಣದ ತುಂಡು ನೇತುಹಾಕಿದರು. ಸಂಜೆ ಅದನ್ನು ಹೊಡೆದಾಗ ಎಲ್ಲರೂ ಒಟ್ಟಿಗೆ ತೊಟ್ಟಿ ತೆರೆಯುವುದು. ಕೆಂಪು, ನೀಲಿ, ನಮ್ಮ ಹಳದಿ, ಎಲ್ಲ ಬೀದಿಯ ಅಡಿಯಲ್ಲಿ ಕೂಡಿ ಕಪ್ಪಾಗಿ ಹೊರಗೆ ಬರುತ್ತವೆ. ಕಪ್ಪಿಗೆ ಮನೆ ನಂಬರು ಇಲ್ಲ. ಒಳಗೆ ಬಂದು ನೋಡಲು ಮಂಡಳಿಗೆ ಮನೆಯವರ ಒಪ್ಪಿಗೆ ಬೇಕು, ಅದನ್ನು ಯಾರೂ ಕೊಡುವುದಿಲ್ಲ. ಅಂದಿನಿಂದ ಈ ಬೀದಿಯಲ್ಲಿ ಒಂದು ಬಾಗಿಲಿಗೂ ಬೀಗ ಬಿದ್ದಿಲ್ಲ. ಕೆಂಪಜ್ಜನ ಸೊಸೆ ಧೈರ್ಯ ಮಾಡಿ ಬಂದು, ಅದೇ ಮನೆಯಲ್ಲಿ ಅದೇ ಕೆಂಪು ಹಾಕುತ್ತಿದ್ದಾಳೆ. ಅಪ್ಪ ಹೋದ ಮೇಲೆ ಸುತ್ತಿಗೆ ನನ್ನ ಕೈಗೆ ಬಂದಿದೆ.

ಇದನ್ನೆಲ್ಲ ಬಿಟ್ಟು ನಾನೊಬ್ಬಳೇ ಶುದ್ಧಳಾಗಲೇ?

ನಿನ್ನ ಮಾತನ್ನು ಪಕ್ಕದ ಮನೆಯ ನೀಲಿ ಮಾವನಿಗೆ ಹೇಳಿದೆ. ಮೊಣಕೈತನಕ ನೀಲಿಯಾದ ಕೈ ಕೆರೆದುಕೊಂಡು ಅಂದರು: “ಹಲ್ಲಿನ ಡಾಕ್ಟ್ರಿಗೆ ಹೇಳಮ್ಮ, ಒಂದೇ ಹಲ್ಲು ಬೆಳ್ಳಗಿದ್ರೆ ಬಾಯಿ ಇನ್ನೂ ಕೆಟ್ಟದಾಗಿ ಕಾಣುತ್ತೆ.”

ಅಕ್ಕ


ಫೆಬ್ರವರಿ ೩. ಕ್ಲಿನಿಕ್, ಬಾಗಿಲು ಹಾಕುವ ಮೊದಲು.

ಅಕ್ಕ,

ನೀಲಿ ಮಾವನಿಗೆ ಹೇಳು: ಒಂದು ಹಲ್ಲು ಬೆಳ್ಳಗಾದರೆ ಮಿಕ್ಕವು ನಾಚಿಕೊಳ್ಳುತ್ತವೆ. ಇಷ್ಟು ವರ್ಷ ಬಾಯಿ ನೋಡಿದವಳ ಮಾತು.

ಕೆಂಪಜ್ಜನ ಕತೆ ನನಗೆ ಪೂರ್ತಿ ಗೊತ್ತಿರಲಿಲ್ಲ. ಅಪ್ಪ ಮಾಡಿದ್ದು ಆ ಹೊತ್ತಿಗೆ ಸರಿ. ಆದರೆ ಒಬ್ಬ ಮುದುಕನ ನೆನಪಿಗೆ ಕಟ್ಟಿದ ಗಂಟೆ ಈಗ ಯಾರನ್ನು ಕಾಯುತ್ತಿದೆ ನೋಡು. ಅದನ್ನು ನೀನು ಒಗ್ಗಟ್ಟು ಅನ್ನುತ್ತೀ. ನಾನು ಗುಂಪಿನಲ್ಲಿ ಗೋವಿಂದ ಅನ್ನುತ್ತೇನೆ.

ಮೊನ್ನೆ ಒಬ್ಬ ಹೆಂಗಸು ಮಗಳನ್ನು ಕರೆದುಕೊಂಡು ಬಂದಿದ್ದಳು. ಹೊಳೆಯಂಚಿನ ಸಾಲುಮನೆಯವಳು, ಬೇರೆಯವರ ಬಟ್ಟೆ ಒಗೆಯುವ ಕೆಲಸ. ಹುಡುಗಿಗೆ ಹುಳುಕು ಹಲ್ಲು. ಕಿತ್ತು, ಬಾಯಿ ಮುಕ್ಕಳಿಸಲು ನೀರು ಕೊಟ್ಟೆ. ಅವಳು ಲೋಟವನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದು ನೋಡಿದಳು. ಆಮೇಲೆ ಬಾಯಿಗೆ ಹಾಕಿಕೊಂಡಳು. ಬಾಯಲ್ಲಿ ರಕ್ತ, ಕಣ್ಣಲ್ಲಿ ನೀರು, ಆಗಲೂ ಮೊದಲು ಬೆಳಕಿಗೆ ಹಿಡಿದು ನೋಡುವುದು. ಅಷ್ಟು ಅಭ್ಯಾಸ. ತಾಯಿಗೆ ಸಂಕೋಚವಾಯಿತು. “ಇದು ಡಾಕ್ಟ್ರಮ್ಮನ ನೀರು ಕಣೇ, ನೋಡೋದು ಬೇಡ” ಅಂದಳು.

ನಿಮ್ಮ ಬೀದಿಯವರ ಪ್ರೀತಿಯೆಲ್ಲ ಚರಂಡಿಯ ಬಾಯಿಯವರೆಗೆ. ಅಲ್ಲಿಂದಾಚೆಗೆ ಅದು ಇವರ ಕೊಡದೊಳಗೆ ಬರುತ್ತದೆ. ಒಬ್ಬ ಕೆಂಪಜ್ಜನನ್ನು ಬಚ್ಚಿಡಲು ಇನ್ನೆಷ್ಟು ಜನ ಲೋಟ ಎತ್ತಿ ನೋಡಬೇಕು?

ನಿನ್ನ ಪಾಲಿನ ಹಳದಿಯನ್ನು ನೀನು ತೆಗೆ. ನಾನು ಕೇಳುವುದು ಅಷ್ಟೇ.

ತಂಗಿ


ಮಾರ್ಚ್ ೨೨. ಅಪ್ಪನ ಕೋಣೆ.

ತಂಗಿಗೆ,

ಶೋಧಕ ಬಂತು. ಅಪ್ಪನ ಕೋಣೆಯಲ್ಲಿ ಇಡಿಸಿದ್ದೇನೆ, ಮಂಚ ಅಟ್ಟಕ್ಕೆ ಹೋಯಿತು. ಮನೆಯಲ್ಲಿ ಬೇರೆಲ್ಲೂ ಅದು ಹಿಡಿಸಲಿಲ್ಲ. ಸದ್ಯ ಒಂದೊಂದು ಕೊಡ ಹಾಕಿ ಕಲಿಯುತ್ತಿದ್ದೇನೆ. ಮುಂದಿನ ತಿಂಗಳಿಂದ ಇಡೀ ತೊಟ್ಟಿಯ ನೀರು ಅದರೊಳಗೇ ಹೋಗುತ್ತದೆ. ಈ ಕಡೆ ಹಳದಿ ಸುರಿದರೆ ಆ ಕಡೆ ನೀರು ಬರುತ್ತದೆ, ನೀರಿನ ಹಾಗೇ ಇರುವ ನೀರು. ಮೊದಲ ದಿನ ನಾನೂ ಒಂದು ಲೋಟದಲ್ಲಿ ಹಿಡಿದು ಬೆಳಕಿಗೆ ಎತ್ತಿ ನೋಡಿದೆ.

ಬೀದಿಗೆ ಹೇಳಿಲ್ಲ. ಹೊಸ ಬಾಯ್ಲರು ಅಂದುಕೊಂಡಿದ್ದಾರೆ. ನೀಲಿ ಮಾವ ಬಾಗಿಲಲ್ಲಿ ನಿಂತು ಕಿವಿಗೊಟ್ಟರು. “ಏನಮ್ಮ, ಈ ಬಾಯ್ಲರ್‌ಗೆ ಸದ್ದೇ ಇಲ್ಲ?”

“ಹೊಸದಲ್ವಾ ಮಾವ.”

“ಹೊಸ ಸೊಸೇನೂ ಹಿಂಗೇ ಇರ್ತಾಳೆ, ಸ್ವಲ್ಪ ದಿನ” ಅಂತ ಹೋದರು.

ನಾನು ಅವರ ಹತ್ತಿರ ಸುಳ್ಳು ಹೇಳಿದ್ದು ಇದೇ ಮೊದಲು.

ಅಡಿಯಲ್ಲಿ ಉಳಿಯುವ ಹಳದಿ ಕೆಸರನ್ನು ಗೋಣಿಚೀಲಕ್ಕೆ ತುಂಬಿ ಗೋಡೆಗೆ ಒರಗಿಸುತ್ತಿದ್ದೇನೆ. ಅದನ್ನು ಎಲ್ಲಿಗೆ ಹಾಕಬೇಕೆಂದು ಮಾರಿದವರು ಹೇಳಲಿಲ್ಲ.

ಆ ಹುಡುಗಿಗಾಗಿ ಮಾಡಿದ್ದು, ನಿನ್ನ ಪುರಸಭೆಗಾಗಿ ಅಲ್ಲ. ಎಲ್ಲೂ ಹೇಳಬೇಡ.

ಅಕ್ಕ


ಏಪ್ರಿಲ್ ೪. ಪುರಸಭೆಯ ಓದುವ ಕೋಣೆ.

ಅಕ್ಕ,

ಹೇಳಬೇಡ ಅಂದಿದ್ದೀ. ನಿನ್ನ ಹೆಸರು ಹೇಳಲಿಲ್ಲ. ಆದರೆ ನಿನ್ನೆ ಸಭೆಯಲ್ಲಿ, “ಬಣ್ಣದ ಬೀದಿಯಲ್ಲೂ ಒಂದು ಮನೆ ಯಾರನ್ನೂ ಕಾಯದೆ ತನ್ನ ಕೊಳೆ ತಾನೇ ತೊಳೆಯಲು ಶುರುಮಾಡಿದೆ” ಎಂದುಬಿಟ್ಟೆ. ನಮ್ಮ ಗುಂಪಿನವರು ಮೇಜು ತಟ್ಟಿದರು. ತಟ್ಟುವಾಗ ನಿನ್ನ ಬೆನ್ನು ತಟ್ಟಿದ ಹಾಗೇ ಅನ್ನಿಸಿತು. ಕೋಪ ಬೇಡ.

ಇನ್ನೊಂದು ವಿಷಯ. ಈ ವಾರ ಹೊಳೆ ಕಪ್ಪಾಗಿ ಬರುತ್ತಿಲ್ಲ, ನೇರಳೆಯಾಗಿ ಬರುತ್ತಿದೆ. ಸಂಜೆ ಸೇತುವೆಯ ಮೇಲೆ ಜನ ನಿಂತು ನೋಡುತ್ತಾರೆ. ಹೊಸದಾಗಿ ಮದುವೆಯಾದ ಒಂದು ಜೋಡಿ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡಿತು. ಚೆಂದವಾಗಿಯೇ ಇದೆ, ಅದೇ ಭಯ. ಮಂಡಳಿಯ ಮನುಷ್ಯನೊಬ್ಬನಿದ್ದಾನೆ. ಸದಾ ಮಾದರಿ ತುಂಬಿಕೊಂಡು ತಿರುಗುವುದರಿಂದ ಇಲ್ಲಿ ಅವನಿಗೆ ಬಾಟಲಿ ಎಂದೇ ಹೆಸರು. ಅವನೂ ಬಂದು ಬಗ್ಗಿ ತುಂಬಿಕೊಂಡ. ಮುಚ್ಚಳ ಹಾಕಿ, ಮೇಲೆತ್ತಿ ನೋಡಿ, ಒಗಟು ಬಿಡಿಸಿದವನ ಹಾಗೆ ನಕ್ಕ.

ನಿಮ್ಮಲ್ಲಿ ಯಾರಾದರೂ ಹೊಸ ಬಣ್ಣ ತಂದಿದ್ದಾರೆಯೇ?

ತಂಗಿ


ಏಪ್ರಿಲ್ ೧೩. ಬಣ್ಣದ ಮನೆ. ಇವತ್ತು ಕೆಲಸಕ್ಕೆ ಯಾರೂ ಬಂದಿಲ್ಲ.

ತಂಗಿಗೆ,

ಹೊಸ ಬಣ್ಣ ಯಾರೂ ತಂದಿಲ್ಲ. ನನ್ನ ಹಳದಿ ಹೋಗಿದೆ, ಅಷ್ಟೇ. ಕೆಂಪು, ನೀಲಿ, ಹಳದಿ ಕೂಡಿದರೆ ಕಪ್ಪು. ಹಳದಿ ತೆಗೆದರೆ ಉಳಿಯುವುದು ನೇರಳೆ. ಬಣ್ಣದ ಮನೆಯ ಮಗುವಿಗೂ ಗೊತ್ತಿರುವ ಮಾತು. ಕಣ್ಣು ಬಿಟ್ಟಾಗಿನಿಂದ ಬಣ್ಣ ಬೆರೆಸುತ್ತಿರುವ ನನಗೆ ಅದು ಹೊಳೆಯಲಿಲ್ಲ. ಬಟ್ಟೆಯ ಮೇಲಾಗಿದ್ದರೆ ಹೊಳೆಯುತ್ತಿತ್ತು. ಚರಂಡಿಯಲ್ಲಿ ಹೋಗುವುದನ್ನು ನಾನು ಬಣ್ಣ ಎಂದು ಯಾವತ್ತೂ ನೋಡಿರಲಿಲ್ಲ.

ಬಾಟಲಿ ಇಲ್ಲಿಗೂ ಬಂದಿದ್ದ. ಬೀದಿಯ ನಡುವೆ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದ: “ನೇರಳೆ ಅಂದ್ರೆ ಕೆಂಪು, ನೀಲಿ. ಹಳದಿಯವರದ್ದು ಇದರಲ್ಲಿ ಏನೂ ಇಲ್ಲ.” ಇಷ್ಟು ವರ್ಷ ಗಂಟೆ ಹೊಡೆದು ಮುಚ್ಚಿಟ್ಟದ್ದನ್ನು ನಾನು ಸದ್ದಿಲ್ಲದೆ ತೆರೆದಿಟ್ಟೆ. ಕೆಂಪಜ್ಜನ ಸೊಸೆಗೂ ನೀಲಿ ಮಾವನಿಗೂ, ಅವೆರಡನ್ನೂ ಬೆರೆಸುವ ಮಿಕ್ಕ ಮನೆಗಳಿಗೂ ನೋಟೀಸು. ಜೂನ್ ಮುಗಿಯುವುದರೊಳಗೆ ನೀರು ಶೋಧಿಸುವ ಏರ್ಪಾಡು ಆಗದಿದ್ದರೆ ಬೀಗ. ನನಗೆ ಪರವಾನಗಿ. ಎರಡು ಕೈಯಲ್ಲಿ ಹಿಡಿದು ಕೊಟ್ಟ, “ನಿಮ್ದು ಕ್ಲಿಯರ್ ಮೇಡಂ” ಅಂದ. ಇಡೀ ಬೀದಿ ನೋಡುತ್ತಿತ್ತು.

ಅವನು ಹೋದ ಮೇಲೆ ಕೆಂಪಜ್ಜನ ಸೊಸೆ ನಮ್ಮ ಹೊಸಿಲ ತನಕ ಬಂದಳು, ಒಳಗೆ ಬರಲಿಲ್ಲ. “ನಮ್ಮ ಮಾವನ್ನ ಬೀದಿಗೆ ತಂದಿದ್ದು ಮಂಡಳಿ. ನನ್ನ ತಂದಿದ್ದು ನೀವು. ಹೇಳಿದ್ರೆ ನಾನೂ ಒಂದು ದಾರಿ ನೋಡ್ತಿದ್ದೆ. ಹೇಳ್ಬೇಕು ಅಂತ ಅನ್ನಿಸ್ಲೇ ಇಲ್ವಾ?”

ನೀಲಿ ಮಾವ ಒಳಗೆ ಬಂದರು. ಅಪ್ಪನ ಕೋಣೆಗೆ ಹೋಗಿ ಶೋಧಕದ ಮೇಲೆ ಕೈಯಿಟ್ಟರು, ಹಸುವಿನ ಮೈ ಸವರುವ ಹಾಗೆ. “ಒಳ್ಳೆ ಬಾಯ್ಲರು” ಅಂದರು. “ನಂಗೂ ಒಂದು ತರಿಸ್ಬಹುದು. ಇಡೋಕೆ ಕೋಣೆ ಖಾಲಿ ಆಗ್ಬೇಕಲ್ಲ. ನಮ್ಮನೇಲಿ ಕೋಣೆ ಖಾಲಿ ಆಗ್ಬೇಕಾದ್ರೆ ನಾನೇ ಹೋಗ್ಬೇಕು.” ನಕ್ಕರು. ಆ ನಗು ನೋಡುವುದಕ್ಕಿಂತ ಬೈಸಿಕೊಳ್ಳುವುದು ಮೇಲಿತ್ತು.

ಸಭೆಯಲ್ಲಿ ಹೆಸರು ಹೇಳಲಿಲ್ಲ ಅಂದೆ. ಬೀದಿಯಲ್ಲಿ ಹಳದಿಯ ಮನೆ ಎಷ್ಟಿವೆ, ಹೇಳು?

ನಿನ್ನೆಯೂ ಸಂಜೆ ಗಂಟೆ ಹೊಡೆದೆ. ಯಾರು ತೆರೆದರೋ, ಯಾರು ಬಿಟ್ಟರೋ ಗೊತ್ತಿಲ್ಲ. ಒಂದು ಕಿಟಕಿಯೂ ಅಲ್ಲಾಡಲಿಲ್ಲ.

ಅಕ್ಕ


ಏಪ್ರಿಲ್ ೨೮

ಹಲ್ಲಿನ ಡಾಕ್ಟ್ರಿಗೆ,

ನೀಲಿ ಮಾವ ಬರೆಯೋದು. ಕಾಗದದ ಮೂಲೇಲಿ ನೀಲಿ ಹೆಬ್ಬೆಟ್ಟು ಇದ್ರೆ ತಪ್ಪು ತಿಳೀಬೇಡ, ಸಹಿ ಹಾಕೋಕೆ ಬರುತ್ತೆ. ನಾನು ಮುಟ್ಟಿದ್ದೆಲ್ಲ ಹಂಗೇ ಆಗೋದು.

ನೀನು ಚಿಕ್ಕವಳಿದ್ದಾಗ ನಮ್ಮ ತೊಟ್ಟೀಲಿ ಬಿದ್ದು ಒಂದು ತಿಂಗಳು ನೀಲಿ ಕಾಲಲ್ಲಿ ಸ್ಕೂಲಿಗೆ ಹೋಗಿದ್ದೆ, ಜ್ಞಾಪಕ ಇದ್ಯಾ? ಆಗ ನಿಮ್ಮಪ್ಪನಿಗೆ ಹೇಳಿದ್ದೆ, ಈ ಬಣ್ಣ ಹೋಗಲ್ಲ ಕಣಯ್ಯ ಅಂತ. ನನ್ನ ಮಾತು ಸುಳ್ಳಾಯ್ತು.

ನಿಮ್ಮಕ್ಕನ ಜೊತೆ ಬೀದಿ ಮಾತು ಬಿಟ್ಟಿದೆ. ನಾನು ಬಿಟ್ಟಿಲ್ಲ, ಆದ್ರೆ ಜಾಸ್ತಿ ಆಡ್ತಾನೂ ಇಲ್ಲ. ಅವಳು ಹೊತ್ತಿಗೆ ಸರಿಯಾಗಿ ಉಣ್ತಿಲ್ಲ. ಇದನ್ನ ಅವಳು ನಿಂಗೆ ಬರೆಯಲ್ಲ, ಅದಕ್ಕೆ ನಾನು ಬರೆದೆ.

ನೀವು ಕುಡಿಯೋ ನೀರು ನಾವು ಕೆಡಿಸ್ತೀವಿ, ನಿಜ. ಇಷ್ಟು ವರ್ಷ ಕಪ್ಪಗೆ ಹೋಗ್ತಿದ್ದಾಗ ಅದರಲ್ಲಿ ನಂದೆಷ್ಟು ಅಂತ ನಂಗೇ ಗೊತ್ತಿರ್ಲಿಲ್ಲ. ಮೊನ್ನೆ ಚರಂಡಿ ಬಾಯಿಗೆ ಹೋಗಿ ನಿಂತು ನೋಡ್ದೆ. ನೇರಳೇಲಿ ನೀಲಿನೇ ಜಾಸ್ತಿ. ನೋಡಬಾರದಾಗಿತ್ತು. ನೋಡಿದ ಮೇಲೆ ಆಗಲ್ಲ.

ತಂತಮ್ಮ ಹಲ್ಲು ತಾವೇ ಉಜ್ಜಿಕೊಳ್ಳಿ ಅಂತ ಭಾಷಣ ಮಾಡ್ತೀಯಂತೆ. ಉಜ್ಜೋಣ. ಬ್ರಶ್ ಇಡೋಕೆ ಜಾಗ ಇಲ್ಲದವರು ಏನು ಮಾಡ್ಬೇಕು, ಅದನ್ನೂ ಒಂದು ಭಾಷಣದಲ್ಲಿ ಹೇಳು.

ನೀಲಿ ಮಾವ


ಮೇ ೧೫. ಮನೆ. ಭಾನುವಾರ.

ಅಕ್ಕ,

ಹೇಳಬೇಡ ಅಂದದ್ದನ್ನು ಹೇಳಿದೆ. ಅದಕ್ಕೆ ಸಬೂಬು ಬರೆದಿದ್ದೆ, ಹರಿದು ಹಾಕಿದೆ.

ಈ ಒಂದು ತಿಂಗಳು ಮಂಡಳಿಯ ಕಚೇರಿಗೆ ಅಲೆದೆ. ಒಂದು ಹಳೆಯ ಯೋಜನೆ ಅಲ್ಲಿ ಧೂಳು ತಿನ್ನುತ್ತಾ ಬಿದ್ದಿದೆ: ಇಡೀ ಬೀದಿಯ ನೀರಿಗೆ ಒಂದೇ ದೊಡ್ಡ ಶೋಧನಾ ತೊಟ್ಟಿ. ಮನೆಮನೆಯಲ್ಲಿ ಕೋಣೆ ಖಾಲಿಯಾಗಬೇಕಿಲ್ಲ. ಕೆಸರನ್ನೂ ಅವರೇ ಒಯ್ಯುತ್ತಾರೆ. ಇದನ್ನು ಓದಿದಾಗ ನೆನಪಾಯಿತು, ನಿನ್ನ ಚೀಲಗಳು ಏನಾದವು? ನೀನು ಬರೆದಿದ್ದೆ, ನಾನು ಕೇಳಲೇ ಇಲ್ಲ.

ಯೋಜನೆ ಯಾಕೆ ನಿಂತಿತು ಎಂದು ಕೇಳಿದೆ. ಬಾಟಲಿಯೇ ಹೇಳಿದ. ಯಾವ ಮನೆಯಿಂದ ಏನು ಬರುತ್ತದೆ ಎಂದು ತಿಳಿಯದೆ ತೊಟ್ಟಿ ಕಟ್ಟಲಾಗುವುದಿಲ್ಲ. ಪ್ರತಿ ಮನೆಯವರೂ ತಮ್ಮ ನೀರನ್ನು ತಾವೇ ಬಾಟಲಿಗೆ ತುಂಬಿ, ಮೇಲೆ ತಮ್ಮ ಹೆಸರು ಬರೆದು ಕೊಡಬೇಕು. ಒಂದು ಮನೆ ತಪ್ಪಿದರೂ ಯೋಜನೆ ಇಲ್ಲ. “ನಿಮ್ಮ ಬೀದಿಗೆ ಹೋಗಿ ಕೇಳಿದ್ದೆ ಮೇಡಂ. ಎಲ್ಲರೂ ಪಕ್ಕದ ಮನೆ ತೋರಿಸಿದ್ರು” ಅಂದ.

ಅಪಾಯವನ್ನು ಮುಚ್ಚಿಡುವುದಿಲ್ಲ. ಎಲ್ಲರೂ ಕೊಟ್ಟರೆ ಬೀಗ ಇಲ್ಲ, ತೊಟ್ಟಿ ಆಗುವ ತನಕ ಕಾಯುತ್ತಾರೆ. ಕೆಲವರು ಕೊಟ್ಟು ಕೆಲವರು ಬಿಟ್ಟರೆ, ಕೊಟ್ಟವರ ಬಾಟಲಿಯೇ ಅವರ ಮೇಲೆ ಸಾಕ್ಷಿ.

ಇನ್ನು ಜಾಗ. ಸಮತಟ್ಟಾದ ಜಾಗ ಇರುವುದು ನಮ್ಮ ಊರಿನ ಸೇತುವೆಯ ಪಕ್ಕದಲ್ಲಿ ಮಾತ್ರ. ಅದನ್ನು ಕೊಡಲು ಪುರಸಭೆ ವೋಟು ಹಾಕಬೇಕು. ಗುಂಪಿನಲ್ಲಿ ಮಾತೆತ್ತಿದೆ. “ಅವರ ಕೊಳೆಗೆ ನಮ್ಮ ಜಾಗ ಯಾಕೆ?” ಅಂದರು. ನನ್ನದೇ ಭಾಷಣ, ನನ್ನದೇ ದನಿ. ಬೇರೆಯವರ ಬಾಯಲ್ಲಿ ಕೇಳಿದಾಗ ಎಷ್ಟು ಚಿಕ್ಕದಾಗಿ ಕಂಡಿತು.

ನೀಲಿ ಮಾವ ಒಂದು ಪ್ರಶ್ನೆ ಕೇಳಿದ್ದರು. ನನ್ನ ಹತ್ತಿರ ಇರುವ ಉತ್ತರ ಇದೊಂದೇ ಎಂದು ಹೇಳು. ಊಟ ಸರಿಯಾಗಿ ಮಾಡು.

ತಂಗಿ


ಜೂನ್ ೫. ಬಣ್ಣದ ಮನೆ.

ತಂಗಿಗೆ,

ಚೀಲಗಳು ಇಲ್ಲೇ ಇವೆ. ಅಪ್ಪನ ಕೋಣೆಯಲ್ಲಿ ಸೂರು ಮುಟ್ಟುತ್ತಿವೆ. ನನ್ನ ನೀರು ಶುದ್ಧವಾಯಿತು, ನನ್ನ ಕೊಳೆ ಎಲ್ಲೂ ಹೋಗಿಲ್ಲ. ಅದರ ಜೊತೆ ವಾಸ ಮಾಡುತ್ತಿದ್ದೇನೆ. ಮೈಗೆ ಹಳದಿ ಹತ್ತಿದವಳು ಕ್ಲಿಯರ್ ಮೇಡಂ.

ನಿನ್ನ ಕಾಗದವನ್ನು ಬೀದಿಯವರಿಗೆ ಓದಬೇಕಿತ್ತು. ಕರೆದರೆ ಯಾರೂ ಬರುತ್ತಿರಲಿಲ್ಲ. ಸಂಜೆಯವರೆಗೆ ಕಾಯದೆ ನಡುಮಧ್ಯಾಹ್ನ ಗಂಟೆ ಹೊಡೆದೆ. ಇದೇನು ಅನಾಹುತವೋ ಎಂದು ಎಲ್ಲರೂ ಓಡಿಬಂದರು, ಒಬ್ಬರಂತೂ ಕೈಯಲ್ಲಿ ಅನ್ನದ ತಟ್ಟೆ ಹಿಡಿದೇ. ಮೊದಲು ಅಪ್ಪನ ಕೋಣೆಯ ಬಾಗಿಲು ತೆರೆದು ಚೀಲಗಳನ್ನು ತೋರಿಸಿದೆ. ಆಮೇಲೆ ಓದಿದೆ.

“ಹೆಸರು ಬರೀಬೇಕಾ?” ತಟ್ಟೆಯವರು ಕೇಳಿದರು.

“ಬರೀಬೇಕು.”

“ಪಕ್ಕದ ಮನೆಯವರ ಹೆಸರು ಬರೆದ್ರೆ ಆಗಲ್ವಾ?” ಸ್ವಲ್ಪ ನಗು ಎದ್ದಿತು. ಎಷ್ಟು ದಿನವಾಗಿತ್ತು ಈ ಮನೆಯಲ್ಲಿ ನಗು ಕೇಳಿ.

ಕೆಂಪಜ್ಜನ ಸೊಸೆ ನಗಲಿಲ್ಲ. “ಎಲ್ಲರೂ ಒಟ್ಟಿಗೆ ತುಂಬ್ತೀವಿ ಅಂತೀರಿ. ಒಟ್ಟಿಗೆ ಅಂದ್ರೂ ಮೊದಲನೇ ಬಾಟ್ಲಿ ಅಂತ ಒಂದು ಇರುತ್ತಲ್ಲ. ಅದು ಯಾರದ್ದು? ನಮ್ಮ ಮನೆಯವರು ಒಂದು ಸಲ ಮೊದಲು ಸಿಕ್ಕಿಬಿದ್ದಿದ್ದು ಸಾಕು.”

“ನಂದು” ಅಂದೆ.

“ನಿಮ್ಮ ನೀರು ಕುಡಿಯೋ ಹಂಗಿದೆಯಲ್ಲ! ಅದನ್ನ ತುಂಬೋಕೆ ಧೈರ್ಯ ಯಾಕೆ ಬೇಕು?”

ಅವಳು ಹೇಳಿದ್ದು ಸರಿ. ನೀಲಿ ಮಾವನತ್ತ ನೋಡಿದೆ. ಅವರು ಗೋಡೆಗೆ ಒರಗಿ ನಿಂತಿದ್ದರು, ಸುಣ್ಣದ ಮೇಲೆ ಅವರ ಅಂಗೈ ಮೂಡಿತ್ತು. “ಯೋಚನೆ ಮಾಡೋಣ” ಅಂದರು. ಎಲ್ಲರೂ ಯೋಚನೆ ಮಾಡಲು ಹೋದರು. ನಮ್ಮ ಬೀದಿಯಲ್ಲಿ ಆ ಮಾತಿಗೆ ಏನರ್ಥ ಎಂದು ನಿನಗೂ ಗೊತ್ತು.

ಆದರೆ ಹೋಗುವಾಗ ಕೆಂಪಜ್ಜನ ಸೊಸೆ ಚೀಲಗಳ ಮುಂದೆ ಒಂದು ಗಳಿಗೆ ನಿಂತಳು.

ಅಕ್ಕ


ಜೂನ್ ೨೦. ಕ್ಲಿನಿಕ್. ರೋಗಿ ಕುರ್ಚಿಯಲ್ಲಿದ್ದಾರೆ, ದವಡೆಗೆ ಜೋಮು ಹಿಡಿಯಲು ಕಾಯುತ್ತಿದ್ದೇನೆ.

ಅಕ್ಕ,

ದಿನ ಗೊತ್ತಾಗಿದೆ. ಇಪ್ಪತ್ತೊಂಬತ್ತರ ಬೆಳಗ್ಗೆ ಬಾಟಲಿ ನಿಮ್ಮ ಬೀದಿಗೆ ಬರುತ್ತಾನೆ. ಅದೇ ಸಂಜೆ ಇಲ್ಲಿ ಜಾಗಕ್ಕೆ ವೋಟು. ಬೆಳಗ್ಗೆ ಒಂದು ಮನೆ ತಪ್ಪಿದರೂ ಸಂಜೆ ನಾನು ಎದ್ದು ಮಾತಾಡಲು ಕಾರಣವೇ ಇರುವುದಿಲ್ಲ.

ಗುಂಪು ಬಿಟ್ಟೆ. ಈಗ ಕೊನೆಯ ಸಾಲಿನಲ್ಲಿ ಕೂರುತ್ತೇನೆ, ಎಡಕ್ಕೂ ಬಲಕ್ಕೂ ಖಾಲಿ ಕುರ್ಚಿ. ಒಬ್ಬೊಬ್ಬರೇ ನಿಲ್ಲುವುದು ಎಷ್ಟು ಸುಲಭ ಎಂದು ಊರಿಗೆಲ್ಲ ಹೇಳಿಕೊಂಡು ಬಂದವಳು ನಾನು. ಗೆಲ್ಲುತ್ತೇನೋ ಇಲ್ಲವೋ ತಿಳಿಯದು. ಮನೆ ಮನೆಗೆ ಹೋಗಿ ಸದಸ್ಯರನ್ನು ಕಾಣುತ್ತಿದ್ದೇನೆ. ಸಾಲುಮನೆಯ ಆ ಬಟ್ಟೆ ಒಗೆಯುವ ಹೆಂಗಸು ಮೊನ್ನೆ ಮಗಳನ್ನು ತೋರಿಸಲು ಬಂದಿದ್ದಳು. ವಿಷಯ ಹೇಳಿದೆ. “ನಿಮ್ಮ ಸಭೆಗೆ ನಾವೂ ಬಂದು ಕೂರಬಹುದಾ? ಮಾತಾಡಲ್ಲ, ಕೂರ್ತೀವಷ್ಟೆ” ಅಂದಳು. ಕೂರಬಹುದು ಎಂಬುದನ್ನು ನಾನೇ ಯಾವತ್ತೂ ಯಾರಿಗೂ ಹೇಳಿರಲಿಲ್ಲ.

ಜೋಮು ಹಿಡಿಯಿತಂತೆ, ಸನ್ನೆ ಮಾಡುತ್ತಿದ್ದಾರೆ.

ತಂಗಿ


ಜೂನ್ ೨೮. ಬಣ್ಣದ ಮನೆ. ಸಂಜೆ, ಗಂಟೆಯ ಹೊತ್ತು ಕಳೆದಿದೆ.

ತಂಗಿಗೆ,

ಈ ಕಾಗದ ನಿನ್ನ ಕೈ ಸೇರುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಆದರೂ ಇವತ್ತೇ ಬರೆದಿಡಬೇಕು. ನಾಳೆ ಏನಾದರೂ ಆಗಲಿ, ಇವತ್ತು ಏನು ನಿರ್ಧಾರವಾಯಿತು ಎಂಬುದು ನಿನಗೆ ಗೊತ್ತಿರಲಿ.

ಇವತ್ತು ಸಂಜೆ ಗಂಟೆ ಹೊಡೆಯಲಿಲ್ಲ. ತೊಟ್ಟಿ ತೆರೆಯಬೇಡಿ, ನಾಳೆ ಬಾಟಲಿಗೆ ತುಂಬಲು ನೀರು ಉಳಿದಿರಲಿ ಎಂದು ಬೆಳಗ್ಗೆಯೇ ಪ್ರತಿ ಬಾಗಿಲಿಗೆ ಹೋಗಿ ಹೇಳಿ ಬಂದಿದ್ದೆ. ತೊಳೆದ ಬಾಟಲಿಗಳನ್ನೂ ಕೊಟ್ಟು ಬಂದೆ. ಕೆಲವರು ತೆಗೆದುಕೊಂಡರು. ಕೆಲವರು “ಅಲ್ಲಿಡಿ” ಅಂದರು. ಗಂಟೆಯ ಹೊತ್ತಿಗೆ ಬಾಗಿಲಲ್ಲಿ ನಿಂತು ಕಿವಿಗೊಟ್ಟೆ. ಬೀದಿಯ ಅಡಿಯಲ್ಲಿ ನೀರು ಹರಿಯುವ ಸದ್ದು ಕೇಳಲಿಲ್ಲ. ಇವತ್ತು ನಿನ್ನ ಸೇತುವೆಯ ಕೆಳಗೆ ಹೊಳೆ ಯಾವ ಬಣ್ಣದಲ್ಲಿ ಬಂತು, ಬರಿ.

ನೀಲಿ ಮಾವ ಹೆಸರು ಬರೆಯಲು ಲೇಖನಿ ಕೇಳಿಕೊಂಡು ಬಂದರು. ಅವರ ಬಾಟಲಿ ಖಾಲಿಯಿದ್ದಾಗಲೇ ಹೊರಗಡೆ ನೀಲಿಯಾಗಿತ್ತು. “ನಂದಕ್ಕೆ ಹೆಸರು ಬೇರೆ ಬೇಕೇನಮ್ಮ?” ಅಂದರು. ಬೇಕು ಅಂದೆ. ಅಲ್ಲೇ ಕೂತು ದುಂಡಗೆ ಬರೆದರು. ಅಪ್ಪನ ಮಂಚವನ್ನು ಅಟ್ಟದಿಂದ ಇಳಿಸಲು ಬರುತ್ತೇನೆ, ಆದರೆ ಆ ಚೀಲಗಳು ಹೋದ ಮೇಲೆ, ಅಂತಲೂ ಹೇಳಿದರು.

ಕೆಂಪಜ್ಜನ ಸೊಸೆಯ ಪ್ರಶ್ನೆಗೆ ಈಗ ನನ್ನ ಹತ್ತಿರ ಉತ್ತರವಿದೆ. ಅವಳ ಹೊಸಿಲಲ್ಲಿ ನಿಂತು ಹೇಳಿ ಬಂದೆ: ನನ್ನ ಬಾಟಲಿಗೆ ನಾನು ನೀರು ತುಂಬುವುದಿಲ್ಲ. ಚೀಲ ಬಿಚ್ಚಿ ಆ ಹಳದಿ ಕೆಸರನ್ನು ತುಂಬುತ್ತೇನೆ. ಇದು ನನ್ನದು, ಇದನ್ನು ಎಲ್ಲಿ ಹಾಕಬೇಕೋ ನನಗೆ ಗೊತ್ತಿಲ್ಲ ಎಂದು ಮಂಡಳಿಯ ಆ ಮನುಷ್ಯನಿಗೆ ಹೇಳುತ್ತೇನೆ. ಪರವಾನಗಿಯನ್ನೂ ವಾಪಸು ಕೊಡುತ್ತೇನೆ. ಬೀಗ ಬೀಳುವುದಾದರೆ ಹಳದಿಯ ಮನೆಗೂ ಬೀಳಲಿ.

ಅವಳು ಕೆಂಪು ನೂಲಿನ ಲಡಿ ಹಿಂಡುತ್ತಿದ್ದಳು, ನಿಲ್ಲಿಸಲಿಲ್ಲ. “ತುಂಬಿ. ನೋಡೋಣ” ಅಂದಳು. ಅವಳು ಬರುತ್ತಾಳೋ ಇಲ್ಲವೋ ನಾನು ಹೇಳಲಾರೆ. ಕೊಟ್ಟ ಬಾಟಲಿಯನ್ನು ಹಿಂದಕ್ಕೆ ಕಳಿಸಿಲ್ಲ, ಅಷ್ಟು ಗೊತ್ತು.

ನಾಳೆ ಬೆಳಗ್ಗೆ ಮಂಡಳಿಯ ಗಾಡಿ ಬೀದಿಗೆ ತಿರುಗಿದ ತಕ್ಷಣ ಗಂಟೆ ಹೊಡೆಯುತ್ತೇನೆ. ಯಾರೂ ತೊಟ್ಟಿ ತೆರೆಯುವುದಕ್ಕಲ್ಲ, ಹೊರಗೆ ಬರುವುದಕ್ಕೆ. ಬಂದವರು ಬರಲಿ. ಯಾರೂ ಬಾರದಿದ್ದರೂ ಮೊದಲನೆಯ ಬಾಟಲಿಯನ್ನು ನಾನೇ ಕೊಡುತ್ತೇನೆ, ಎಲ್ಲರ ಕಿಟಕಿಗೂ ಕಾಣುವ ಹಾಗೆ ಬೀದಿಯ ನಡುವೆ ನಿಂತು.

ಸುತ್ತಿಗೆಯ ಹಿಡಿ ಬಹಳ ದಿನದಿಂದ ಸಡಿಲವಾಗಿತ್ತು. ಇವತ್ತು ಬೆಣೆ ಹೊಡೆದು ಬಿಗಿಮಾಡಿ ಬಾಗಿಲ ಬಳಿ ಇಟ್ಟಿದ್ದೇನೆ.

ಅಕ್ಕ